ಮಗುವಿನ ಬಾಲಮೂಳೆಯಲ್ಲಿ ಗಡ್ಡೆ ಇದ್ದರೆ ಹೆರಿಗೆ ಎಲ್ಲಿ, ಯಾವಾಗ, ಹೇಗೆ?

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ನನ್ನ ತಂಗಿಯ ಮಗುವಿನ ಬೆನ್ನಿನ ಕೊನೆಯಲ್ಲಿ ಒಂದು ಗಡ್ಡೆ ಕಂಡಿತು. ಮೊದಲು ಬೆನ್ನುಹುರಿಯ ಗಂಟು ಇರಬಹುದು ಅಂದರು. ಆಮೇಲೆ ಎಂಆರ್‌ಐ ಮಾಡಿಸಿದ ಮೇಲೆ ಸ್ಯಾಕ್ರೊಕಾಕ್ಸಿಜಿಯಲ್ ಟೆರಟೋಮಾ ಎಂಬ ಹೆಸರು ಬಂತು. ಮನೆಗೆ ಬಂದ ನೆಂಟರು, ಫೋನ್ ಮಾಡಿದ ಗೆಳತಿಯರು ಎಲ್ಲರೂ ಕೇಳಿದ್ದು ಒಂದೇ ಮಾತು. ನಾರ್ಮಲ್ ಆಗುತ್ತಾ, ಸಿಸೇರಿಯನ್ ಬೇಕಾ? ನಾವೂ ಮೂರು ವಾರ ಅದನ್ನೇ ಯೋಚಿಸುತ್ತಾ ಕೂತೆವು. ಆದರೆ ಈ ಗಡ್ಡೆ ಇರುವಾಗ ಮೊದಲು ತೀರ್ಮಾನ ಆಗಬೇಕಾದದ್ದು ಹೆರಿಗೆ ಎಲ್ಲಿ ಅನ್ನುವುದು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ನಾನು ಡಾಕ್ಟರ್ ಅಲ್ಲ. ಆ ನಾಲ್ಕು ತಿಂಗಳು ತಂಗಿಯ ಜೊತೆ ಒಂದೊಂದು ಕೋಣೆಯ ಹೊರಗೂ ಕಾದು, ಒಳಗೆ ಹೋಗಿ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಮನೆಗೆ ಬಂದು ಓದಿಕೊಂಡವಳು. ನಿಮ್ಮ ಮನೆಯಲ್ಲೂ ಇಂಥ ರಿಪೋರ್ಟ್ ಬಂದಿದ್ದರೆ, ಡಾಕ್ಟರ ಎದುರು ಕೂತಾಗ ಏನು ಕೇಳಬೇಕು, ಅವರು ಹೇಳುವ ದಾರಿಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಅನ್ನುವುದು ನಿಮಗೆ ಸ್ವಲ್ಪವಾದರೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಈ ಗಡ್ಡೆ ಏನು ಮಾಡುತ್ತದೆ

ಮಗು ರೂಪುಗೊಳ್ಳುವ ಮೊದಲ ವಾರಗಳಲ್ಲಿ, ಯಾವ ಅಂಗವಾಗಿ ಬೇಕಾದರೂ ಬೆಳೆಯಬಲ್ಲ ಕೆಲವು ಜೀವಕೋಶಗಳು ಬಾಲಮೂಳೆಯ ಹತ್ತಿರ ಉಳಿದುಬಿಡುತ್ತವೆ. ಅವೇ ಮುಂದೆ ಗಡ್ಡೆಯಾಗುತ್ತವೆ. ಅದಕ್ಕೇ ಅದರೊಳಗೆ ಕೊಬ್ಬು, ಕೂದಲು, ಮೂಳೆಯ ಚೂರು, ನೀರಿನ ಚೀಲ ಏನು ಬೇಕಾದರೂ ಇರಬಹುದು. ಸುಮಾರು 35,000ದಿಂದ 40,000 ಹೆರಿಗೆಗಳಲ್ಲಿ ಒಂದರಲ್ಲಿ ಕಾಣುತ್ತದೆ. ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ. ಹುಟ್ಟುವಾಗ ಇದು ಬಹುಪಾಲು ಕ್ಯಾನ್ಸರ್ ಅಲ್ಲ. ಗ್ರಹಣದ ದಿನ ಹೊರಗೆ ಬಂದದ್ದಕ್ಕೋ, ಏನೋ ತಿಂದದ್ದಕ್ಕೋ ಆದದ್ದೂ ಅಲ್ಲ. ಈ ಮಾತನ್ನು ಬಸುರಿಯ ಎದುರು ಯಾರಾದರೂ ಆಡಿದರೆ ದಯವಿಟ್ಟು ಅಲ್ಲೇ ತಡೆಯಿರಿ. ನನ್ನ ತಂಗಿ ಆ ಒಂದು ಮಾತಿಗೆ ಅತ್ತಷ್ಟು ರಿಪೋರ್ಟ್ ನೋಡಿ ಅಳಲಿಲ್ಲ.

ಅಪಾಯ ಎರಡು ಕಡೆಯಿಂದ ಬರುತ್ತದೆ. ಹೊಟ್ಟೆಯಲ್ಲಿರುವಾಗ ಗಡ್ಡೆಗೆ ರಕ್ತನಾಳ ಜಾಸ್ತಿ ಇದ್ದರೆ ಮಗುವಿನ ರಕ್ತವನ್ನು ಅದೇ ಎಳೆದುಕೊಳ್ಳುತ್ತದೆ. ಪುಟ್ಟ ಹೃದಯ ಎರಡು ಪಟ್ಟು ದುಡಿದು ಸೋಲುತ್ತದೆ, ಮಗುವಿನ ಮೈಯಲ್ಲಿ ನೀರು ತುಂಬುತ್ತದೆ. ಇದಕ್ಕೆ ಹೈಡ್ರಾಪ್ಸ್ ಅನ್ನುತ್ತಾರೆ. ಇನ್ನೊಂದು ಅಪಾಯ ಹೆರಿಗೆಯ ಹೊತ್ತಿನದು. ತಲೆ ಬಂತು, ಭುಜ ಬಂತು, ಆಮೇಲೆ ಗಡ್ಡೆ ಸಿಕ್ಕಿಹಾಕಿಕೊಂಡಿತು. ಅಥವಾ ಎಳೆದಾಗ ಗಡ್ಡೆ ಒಡೆದು ರಕ್ತ ಹೋಯಿತು. ಮೂರು ಕೆಜಿ ಮಗುವಿನ ಮೈಯಲ್ಲಿರುವ ರಕ್ತ ಒಟ್ಟು 250 ಎಂಎಲ್ ಆಸುಪಾಸು, ಅಂದರೆ ಮನೆಯ ದೊಡ್ಡ ಲೋಟ ಒಂದು ತುಂಬುವಷ್ಟು. ಅದರಲ್ಲಿ ಕಾಲು ಲೋಟ ಹೋದರೂ ಮಗುವಿನ ಜೀವಕ್ಕೇ ಕುತ್ತು. ಈ ಲೆಕ್ಕ ತಲೆಯಲ್ಲಿದ್ದರೆ ಮುಂದಿನ ಎಲ್ಲ ಆಯ್ಕೆಗಳೂ ಸುಲಭವಾಗಿ ಅರ್ಥವಾಗುತ್ತವೆ.

ಮೊದಲ ಆಯ್ಕೆ: ಯಾವ ಆಸ್ಪತ್ರೆ

ನಮ್ಮ ತವರು ಕೊಪ್ಪ. ಚೊಚ್ಚಲ ಹೆರಿಗೆ, ತವರಲ್ಲೇ ಆಗಬೇಕು ಅಂತ ಅಮ್ಮನ ಆಸೆ. ಏಳನೇ ತಿಂಗಳಿಗೆ ಕರೆದುಕೊಂಡು ಬರುವುದು, ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ, ಆಮೇಲೆ ಮಗುವನ್ನು ಆಂಬುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುವುದು ಅಂತ ಒಂದು ಲೆಕ್ಕ ಹಾಕಿದ್ದರು. ಜುಲೈ ತಿಂಗಳು. ಆಗುಂಬೆ ಘಾಟಿಯಲ್ಲಿ ಮಳೆ, ಮಂಜು. ರಕ್ತ ಸೋರುವ ಗಡ್ಡೆ ಇರುವ ಒಂದು ದಿನದ ಮಗುವನ್ನು ಆ ತಿರುವುಗಳಲ್ಲಿ ಇಳಿಸುವುದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಮಗು ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸುವುದು ಎಷ್ಟೋ ಸುರಕ್ಷಿತ. ತಾಯಿಯ ಗರ್ಭಕೋಶಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ ಅಂತ ನಮಗೆ ಒಬ್ಬ ಡಾಕ್ಟರ್ ಹೇಳಿದರು. ಅಮ್ಮ ಒಪ್ಪಿದ್ದು ಆ ಮಾತಿಗೇ.

ಹಾಗಾಗಿ ಹತ್ತಿರದ ನರ್ಸಿಂಗ್ ಹೋಮ್ ಮತ್ತು ದೂರದ ದೊಡ್ಡ ಆಸ್ಪತ್ರೆ ಎರಡನ್ನೂ ತೂಗಿ ನೋಡುವಾಗ ಹೆಸರು, ಕಟ್ಟಡ, ಪರಿಚಯದ ಡಾಕ್ಟರ್ ಇವೆಲ್ಲ ಪಕ್ಕಕ್ಕಿಡಿ. ನಾಲ್ಕು ವಿಷಯ ಒಂದೇ ಆವರಣದಲ್ಲಿ ಇವೆಯಾ ನೋಡಿ. ಕಷ್ಟದ ಸಿಸೇರಿಯನ್ ಮಾಡಿ ಅನುಭವ ಇರುವ ಹೆರಿಗೆ ತಂಡ, ನವಜಾತ ಮಕ್ಕಳ ಐಸಿಯು, ಮಕ್ಕಳ ಸರ್ಜನ್, ರಾತ್ರಿ ಹಗಲು ತೆರೆದಿರುವ ರಕ್ತನಿಧಿ. ದೊಡ್ಡವರ ಸರ್ಜನ್ ಇದ್ದಾರೆ ಅಂದರೆ ಸಾಲದು. ಹೆರಿಗೆ ಆಸ್ಪತ್ರೆ ಒಂದು ಕಡೆ, ಮಕ್ಕಳ ಸರ್ಜರಿ ಇನ್ನೊಂದು ಕಡೆ ಇರುವುದು ನಮ್ಮಲ್ಲಿ ಮಾಮೂಲು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇರುವುದು ಮಕ್ಕಳಿಗಾಗಿ, ಹೆರಿಗೆಗೆ ಅಲ್ಲ. ಹೀಗೆ ಎರಡು ಕಡೆ ಆಗುವುದಾದರೆ ಮಗುವನ್ನು ಯಾರು, ಯಾವ ವಾಹನದಲ್ಲಿ, ಎಷ್ಟು ನಿಮಿಷದಲ್ಲಿ ಒಯ್ಯುತ್ತಾರೆ ಅನ್ನುವುದು ಹೆರಿಗೆಗೆ ಮೊದಲೇ ಬಾಯಲ್ಲಲ್ಲ, ಬರಹದಲ್ಲಿ ಇರಲಿ.

ನಾವು ಕೊನೆಗೆ ಆಸ್ಪತ್ರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದೆವು. 34ನೇ ವಾರಕ್ಕೇ ತಂಗಿ ಅಲ್ಲಿಗೆ ಬಂದಳು. ಅಮ್ಮ ಗ್ಯಾಸ್ ಒಲೆ, ಅಕ್ಕಿ, ಉಪ್ಪಿನಕಾಯಿ ಭರಣಿ ಎಲ್ಲ ಕಟ್ಟಿಕೊಂಡು ಬಂದು ಆ ರೂಮನ್ನೇ ತವರು ಮಾಡಿದಳು.

ನಾರ್ಮಲ್ಲೋ ಸಿಸೇರಿಯನ್ನೋ

ಇಲ್ಲಿ ಮುಖ್ಯವಾಗಿ ನೋಡುವುದು ಗಾತ್ರ. ಗಡ್ಡೆ 5 ಸೆಂಟಿಮೀಟರ್ ಒಳಗಿದ್ದರೆ, ಅಂದರೆ ನಿಂಬೆಹಣ್ಣಿನಷ್ಟಿದ್ದರೆ, ತಲೆ ಕೆಳಗಿದ್ದರೆ, ಗಡ್ಡೆಗೆ ರಕ್ತದ ಓಟ ಜಾಸ್ತಿ ಇಲ್ಲದಿದ್ದರೆ ನಾರ್ಮಲ್ ಹೆರಿಗೆಗೆ ಅವಕಾಶ ಕೊಡುತ್ತಾರೆ. ತಾಯಿಗೆ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ, ಬೇಗ ಏಳುತ್ತಾಳೆ, ಮುಂದಿನ ಬಸುರಿಗೂ ಒಳ್ಳೆಯದು. ಸುಮ್ನೆ ಹೆದರಿಕೊಂಡು ಸಣ್ಣ ಗಡ್ಡೆಗೂ ಸಿಸೇರಿಯನ್ ಕೇಳುವ ಅಗತ್ಯ ಇಲ್ಲ.

5 ಸೆಂಟಿಮೀಟರ್ ದಾಟಿದರೆ ಬಹಳ ಡಾಕ್ಟರುಗಳು ಸಿಸೇರಿಯನ್ ಕಡೆ ವಾಲುತ್ತಾರೆ. ಕೆಲವರು 10 ಸೆಂಟಿಮೀಟರ್‌ವರೆಗೂ ನೋಡೋಣ ಅನ್ನುತ್ತಾರೆ, ಅದರಲ್ಲೂ ಗಡ್ಡೆ ಮೆತ್ತಗೆ ನೀರು ತುಂಬಿದ್ದಾದರೆ. ದಿನ ತುಂಬಿದ ಮಗುವಿನ ತಲೆಯ ಅಗಲವೇ ಸುಮಾರು 9ರಿಂದ 9.5 ಸೆಂಟಿಮೀಟರ್. ತಲೆ ಹೊರಬಂದರೂ ಅದರ ಹಿಂದೆ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಗಟ್ಟಿ ಗಡ್ಡೆ ಇದ್ದರೆ ಏನಾಗುತ್ತದೆ ಯೋಚಿಸಿ. ಮಗು ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, 5ರಿಂದ 10ರ ನಡುವೆ ಇದ್ದು ಗಡ್ಡೆ ಗಟ್ಟಿಯಾಗಿದ್ದರೆ ನಾರ್ಮಲ್ ಆಸೆ ಬಿಟ್ಟುಬಿಡಿ. ಉಳಿಸಿಕೊಳ್ಳುವುದಕ್ಕಿಂತ ಕಳೆದುಕೊಳ್ಳುವುದೇ ಜಾಸ್ತಿ.

ಗಾತ್ರದ ಜೊತೆ ಗಡ್ಡೆ ಎಲ್ಲಿದೆ ಅನ್ನುವುದನ್ನೂ ಕೇಳಿ. ಆಲ್ಟ್‌ಮನ್ ಎಂಬ ಮಕ್ಕಳ ಸರ್ಜನ್ 1970ರ ದಶಕದಲ್ಲಿ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ರಿಪೋರ್ಟಿನಲ್ಲಿ ಅದನ್ನೇ ಬರೆಯುತ್ತಾರೆ. ಮೊದಲನೆಯದು ಬಹುತೇಕ ಹೊರಗೇ ಇರುವುದು. ನಾಲ್ಕನೆಯದು ಪೂರ್ತಿ ಒಳಗೆ, ಹೊರಗೆ ಏನೂ ಕಾಣದ್ದು. ಹೆರಿಗೆಯಲ್ಲಿ ಸಿಕ್ಕಿಕೊಳ್ಳುವುದು ಮುಖ್ಯವಾಗಿ ಹೊರಗೆ ಜೋತಾಡುವ ದೊಡ್ಡ ಗಡ್ಡೆಗಳು. ಒಳಗಿನದು ಹೆರಿಗೆಗೆ ಅಷ್ಟು ಅಡ್ಡಿ ಮಾಡದೆ ಇರಬಹುದು, ಆದರೆ ಕಣ್ಣಿಗೆ ಕಾಣದೆ ಉಳಿದು ತಡವಾಗಿ ಪತ್ತೆಯಾಗುತ್ತದೆ. ಅದು ಬೇರೆ ಚಿಂತೆ.

ಸಿಸೇರಿಯನ್ ಅಂದ ಕೂಡಲೇ ಎಲ್ಲ ಒಂದೇ ಅಂದುಕೊಳ್ಳಬೇಡಿ. ಇದನ್ನು ನಮಗೆ ಯಾರೂ ತಾವಾಗಿ ಹೇಳಲಿಲ್ಲ, ನಾವೇ ಕೇಳಿದ ಮೇಲೆ ಗೊತ್ತಾಯಿತು. ಮಾಮೂಲಿ ಸಿಸೇರಿಯನ್‌ನಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುತ್ತಾರೆ. ದೊಡ್ಡ ಗಡ್ಡೆ ಒಡೆಯದ ಹಾಗೆ ಹೊರಗೆ ತರಲು ಆ ಜಾಗ ಸಾಲದಿದ್ದರೆ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ಯಬೇಕಾಗುತ್ತದೆ. ಮಗುವಿಗೆ ಅದು ಒಳ್ಳೆಯದು. ತಾಯಿಗೆ ಮಾತ್ರ ಅದರ ಬೆಲೆ ಇದೆ. ಮುಂದಿನ ಬಸುರಿಯಲ್ಲಿ ನೋವು ಬಂದರೆ ಆ ಗಾಯ ಬಿಟ್ಟುಕೊಳ್ಳುವ ಅಪಾಯ ನೂರಕ್ಕೆ 4ರಿಂದ 9ರಷ್ಟು. ಹಾಗಾಗಿ ಮುಂದಿನ ಹೆರಿಗೆಯೂ ಸಿಸೇರಿಯನ್ನೇ, ಅದೂ ನೋವು ಬರುವ ಮೊದಲೇ. ಯಾವ ಕೊಯ್ತ ಹಾಕಿದರು ಅನ್ನುವುದನ್ನು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ. ಹೊರಗಿನ ಚರ್ಮದ ಗುರುತು ನೋಡಿ ಒಳಗಿನದು ಹೇಳಲು ಆಗುವುದಿಲ್ಲ. ಎರಡು ವರ್ಷದ ಮೇಲೆ ಬೇರೆ ಊರಲ್ಲಿ ಬೇರೆ ಡಾಕ್ಟರ್ ಕೇಳಿದಾಗ ಆ ಒಂದು ಸಾಲು ಜೀವ ಉಳಿಸುತ್ತದೆ.

ನೀರು ತೆಗೆದು ಚಿಕ್ಕದು ಮಾಡಬಹುದಾ

ಗಡ್ಡೆ ಹೆಚ್ಚು ಕಡಿಮೆ ಒಂದೇ ದೊಡ್ಡ ನೀರಿನ ಚೀಲವಾಗಿದ್ದರೆ, ಹೆರಿಗೆಗೆ ಸ್ವಲ್ಪ ಮೊದಲು ಸ್ಕ್ಯಾನಿಂಗ್ ನೋಡುತ್ತಾ ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಕಿ ನೀರು ಎಳೆಯಬಹುದು. ಗಡ್ಡೆ ಕುಗ್ಗುತ್ತದೆ, ಉದ್ದದ ಕೊಯ್ತದ ಬದಲು ಅಡ್ಡ ಕೊಯ್ತ ಸಾಕಾಗಬಹುದು, ಒಮ್ಮೊಮ್ಮೆ ನಾರ್ಮಲ್ ಹೆರಿಗೆಯೇ ಆಗಬಹುದು. ಒಂದು ಸೂಜಿಯಿಂದ ಇಷ್ಟು ಲಾಭ ಸಿಗುವುದಾದರೆ ಒಳ್ಳೆಯದೇ ಅಲ್ವಾ? ಆದರೆ ನೀರು ಮತ್ತೆ ತುಂಬಿಕೊಳ್ಳುತ್ತದೆ, ಅದಕ್ಕೇ ವಾರಗಟ್ಟಲೆ ಮೊದಲು ಮಾಡಿ ಸುಮ್ಮನಿರಲು ಆಗುವುದಿಲ್ಲ. ಸೂಜಿಯಿಂದ ರಕ್ತ ಸೋರಬಹುದು, ನೋವು ಬೇಗ ಶುರುವಾಗಬಹುದು. ಗಟ್ಟಿ ಗಡ್ಡೆಗೆ ಇದರಿಂದ ಏನೂ ಉಪಯೋಗ ಇಲ್ಲ. ಚುಚ್ಚಿದರೆ ಬರುವುದು ರಕ್ತ. ನನ್ನ ತಂಗಿಯ ಮಗುವಿನ ಗಡ್ಡೆ ಅರ್ಧ ಗಟ್ಟಿ, ಅರ್ಧ ಚಿಕ್ಕ ಚಿಕ್ಕ ಚೀಲಗಳು. ಹಾಗಾಗಿ ನಮಗೆ ಈ ದಾರಿ ಬೇಡ ಅಂದರು.

ತಾಯಿಯ ಹೊಟ್ಟೆಯಲ್ಲಿ ಗರ್ಭಜಲ ವಿಪರೀತ ಜಾಸ್ತಿಯಾದರೆ ಅದನ್ನು ತೆಗೆಯುವುದೂ ಉಂಟು. ಅದು ಬೇರೆ, ಗಡ್ಡೆಯ ನೀರು ತೆಗೆಯುವುದು ಬೇರೆ. ಎರಡನ್ನೂ ಸೂಜಿ ಅಂತಲೇ ಹೇಳುವುದರಿಂದ ಮನೆಯವರಿಗೆ ಗೊಂದಲವಾಗುತ್ತದೆ, ಕೇಳಿ ತಿಳಿದುಕೊಳ್ಳಿ.

ಕಾಯುವುದೋ, ಬೇಗ ಹೊರಗೆ ತರುವುದೋ

ಗಾತ್ರ ಮಾತ್ರ ನೋಡಿ ನೆಮ್ಮದಿಯಾಗಿರಬೇಡಿ. ಪ್ರತಿ ಸ್ಕ್ಯಾನಿಂಗ್‌ನಲ್ಲೂ ಮಗುವಿನ ಹೃದಯ ಹೇಗಿದೆ, ಮಾಸು ದಪ್ಪ ಆಗಿದೆಯಾ, ಮಗುವಿನ ಹೊಟ್ಟೆಯಲ್ಲಿ, ಚರ್ಮದಡಿಯಲ್ಲಿ ನೀರು ಕಾಣುತ್ತಾ ಅಂತ ಕೇಳಿ. ಒಂದು ಸರಳ ಲೆಕ್ಕವೂ ಇದೆ. 24 ವಾರದ ಒಳಗೆ ಗಡ್ಡೆಯ ಗಾತ್ರವನ್ನು ಎಂಎಲ್‌ನಲ್ಲಿ ತೆಗೆದುಕೊಂಡು ಮಗುವಿನ ಅಂದಾಜು ತೂಕದ ಗ್ರಾಂನಿಂದ ಭಾಗಿಸಿದಾಗ 0.12 ದಾಟಿದರೆ ಎಚ್ಚರಿಕೆ ಜಾಸ್ತಿ ಬೇಕು. 500 ಗ್ರಾಂ ಮಗುವಿಗೆ 60 ಎಂಎಲ್ ಗಡ್ಡೆ ಅಂದರೆ ಸರಿಯಾಗಿ ಆ ಗೆರೆಯ ಮೇಲೆ. ಗೆರೆ ದಾಟಿದ್ದಕ್ಕೆ ಎಲ್ಲ ಮುಗಿಯಿತು ಅಂತಲ್ಲ, ಸ್ಕ್ಯಾನಿಂಗ್ ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಬೇಕು ಅಂತ.

ಹೃದಯ ಚೆನ್ನಾಗಿದ್ದು ಗಡ್ಡೆ ಮೆಲ್ಲಗೆ ಬೆಳೆಯುತ್ತಿದ್ದರೆ ಕಾಯುವುದೇ ಒಳ್ಳೆಯದು. ಒಂದೊಂದು ವಾರವೂ ಶ್ವಾಸಕೋಶಕ್ಕೆ ಲಾಭ. ದೊಡ್ಡ ಗಡ್ಡೆಗೆ ಸಾಮಾನ್ಯವಾಗಿ 36–37 ವಾರದ ಹೊತ್ತಿಗೆ, ನೋವು ತಾನಾಗಿ ಬರುವ ಮೊದಲು, ಹಗಲಿನಲ್ಲಿ ಎಲ್ಲ ತಂಡ ಇರುವಾಗ ದಿನ ನಿಗದಿ ಮಾಡುತ್ತಾರೆ. 28 ವಾರ ದಾಟಿದ ಮೇಲೆ ಹೃದಯ ಸೋಲುವ ಲಕ್ಷಣ ಶುರುವಾದರೆ ಹೊಟ್ಟೆಯಲ್ಲಿ ಕಾಯುವುದೇ ಅಪಾಯ. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಬೇಗ ಸಿಸೇರಿಯನ್ ಮಾಡಿ, ಮೊದಲು ರಕ್ತದ ಓಟ ನಿಲ್ಲಿಸುವಷ್ಟು ಗಡ್ಡೆ ತೆಗೆದು, ಉಳಿದದ್ದನ್ನು ಮಗು ಚೇತರಿಸಿಕೊಂಡ ಮೇಲೆ ತೆಗೆಯುವ ಕ್ರಮವೂ ಇದೆ.

ತಾಯಿಯ ಮೈಯೂ ಮಾತಾಡುತ್ತದೆ. ಮಗುವಿಗೆ ನೀರು ತುಂಬಿದಾಗ ಕೆಲವು ತಾಯಂದಿರಿಗೂ ಮೈ ಊದಿ, ಬಿಪಿ ಏರಿ, ಉಸಿರು ಕಟ್ಟುತ್ತದೆ. ಮಿರರ್ ಸಿಂಡ್ರೋಮ್ ಅನ್ನುತ್ತಾರೆ, ಮಗುವಿನ ಸ್ಥಿತಿ ಕನ್ನಡಿಯಲ್ಲಿ ಕಂಡ ಹಾಗೆ. ಬಸುರಿಯರಿಗೆ ಕಾಲು ಊದುವುದು ಮಾಮೂಲು ಅಂತ ಈ ಹೊತ್ತಲ್ಲಿ ಹೇಳಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಹೊಟ್ಟೆಯಲ್ಲಿರುವಾಗಲೇ ಆಪರೇಷನ್

ಗರ್ಭಕೋಶ ತೆರೆದು ಮಗುವಿನ ಗಡ್ಡೆ ತೆಗೆದು ಮತ್ತೆ ಹೊಲಿದು ಬಸುರು ಮುಂದುವರಿಸುವುದು ನಿಜವಾಗಿಯೂ ಆಗಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ, ಫಿಲಡೆಲ್ಫಿಯಾ ಮೊದಲಾದ ಕೆಲವೇ ಕಡೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದೇ ಇದು, ಅದಕ್ಕೇ ಹೇಳುತ್ತಿದ್ದೇನೆ. ಇದು ತೀರಾ ಬೇಗ, ಹೆರಿಗೆ ಮಾಡಿಸಿದರೆ ಮಗು ಬದುಕುವುದೇ ಕಷ್ಟ ಅನ್ನುವ ವಾರಗಳಲ್ಲಿ ಹೃದಯ ಸೋಲಲು ಶುರುವಾದ, ಗಡ್ಡೆ ಬಹುತೇಕ ಹೊರಗೇ ಇರುವ, ತಾಯಿ ಆರೋಗ್ಯವಾಗಿರುವ ಕೆಲವರಿಗೆ ಮಾತ್ರ. ತಾಯಿಗೆ ಉದ್ದದ ಕೊಯ್ತದ ಎಲ್ಲ ಅಪಾಯವೂ ಇದೆ, ಎರಡು ಸಲ ಹೊಟ್ಟೆ ತೆರೆಯಬೇಕು. ಸೂಜಿಯ ಮೂಲಕ ಲೇಸರ್ ಅಥವಾ ಶಾಖದಿಂದ ಗಡ್ಡೆಯ ರಕ್ತನಾಳ ಸುಡುವ ದಾರಿಯೂ ಇದೆ. ಅದರಲ್ಲಿ ಪಕ್ಕದ ನರ, ಮೂಳೆ, ಕರುಳಿಗೆ ಸುಟ್ಟ ಗಾಯವಾಗುವ ಭಯ. ನಿಮ್ಮ ಮಗುವಿನ ಹೃದಯ ಚೆನ್ನಾಗಿದ್ದರೆ ಈ ಇಡೀ ವಿಷಯ ನಿಮಗೆ ಸಂಬಂಧಿಸಿದ್ದಲ್ಲ, ಮನಸ್ಸು ಕೆಡಿಸಿಕೊಳ್ಳಬೇಡಿ.

ಗಡ್ಡೆ ಬೆನ್ನಿನ ಕೊನೆಯಲ್ಲಿಲ್ಲದೆ ಕುತ್ತಿಗೆಯಲ್ಲಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಮಗು ಹೊರಬಂದರೂ ಉಸಿರಾಡಲು ದಾರಿ ಇರುವುದಿಲ್ಲ. ಸಿಸೇರಿಯನ್‌ನಲ್ಲಿ ತಲೆ ಮತ್ತು ಭುಜ ಮಾತ್ರ ಹೊರತೆಗೆದು, ಹೊಕ್ಕುಳಬಳ್ಳಿ ಕತ್ತರಿಸದೆ, ಮಾಸಿನಿಂದ ಆಮ್ಲಜನಕ ಬರುತ್ತಿರುವಾಗಲೇ ಗಂಟಲಿಗೆ ಕೊಳವೆ ಹಾಕುತ್ತಾರೆ. ಇದಕ್ಕೆ ಎಕ್ಸಿಟ್ ಅನ್ನುತ್ತಾರೆ. ಹಾಗಿದ್ದರೆ ಆ ತಂಡ ಇರುವ ಕಡೆಗೇ ಹೋಗಬೇಕು.

ಬಸುರು ಮುಂದುವರಿಸುವುದಾ ಅನ್ನುವ ಪ್ರಶ್ನೆ

ಇದನ್ನು ಮಾತಾಡದೆ ಬಿಟ್ಟರೆ ಅನ್ಯಾಯ. ಕೆಲವು ಮಕ್ಕಳಿಗೆ ತೀರಾ ಬೇಗ ಹೃದಯ ಸೋತಿರುತ್ತದೆ. 2021ರ ತಿದ್ದುಪಡಿ ಆದ ಮೇಲೆ ನಮ್ಮ ಕಾನೂನಿನಲ್ಲಿ ಮಗುವಿಗೆ ಗಂಭೀರ ತೊಂದರೆ ಇದೆ ಅಂತ ಮೆಡಿಕಲ್ ಬೋರ್ಡ್ ಒಪ್ಪಿದರೆ 24 ವಾರ ದಾಟಿದ ಮೇಲೂ ಗರ್ಭಪಾತಕ್ಕೆ ಅವಕಾಶ ಇದೆ. ಆದರೆ ಗಡ್ಡೆ ಎಂಬ ಪದ ಕೇಳಿದ ತಕ್ಷಣ ಈ ತೀರ್ಮಾನಕ್ಕೆ ಓಡಬೇಡಿ. ಹೃದಯ ಚೆನ್ನಾಗಿರುವ ಬಹುಪಾಲು ಮಕ್ಕಳು ಆಪರೇಷನ್ ಆಗಿ ಎಲ್ಲರಂತೆ ಬೆಳೆಯುತ್ತಾರೆ. ಮಕ್ಕಳ ಸರ್ಜನ್ ಜೊತೆ ಒಂದು ಸಲ ಮಾತಾಡಿದ ಮೇಲೆ ನಿರ್ಧರಿಸಿ, ಮತ್ತು ಆ ನಿರ್ಧಾರ ತಾಯಿಯದಾಗಿರಲಿ, ಅತ್ತೆ ಮಾವಂದಿರದ್ದಲ್ಲ.

ಹೆರಿಗೆ ಕೋಣೆಯಲ್ಲೇ ಗೊತ್ತಾದರೆ

ಐದನೇ ತಿಂಗಳ ಸ್ಕ್ಯಾನಿಂಗ್ ಮಾಡಿಸದವರು ಈಗಲೂ ಇದ್ದಾರೆ. ಆಗ ಗಡ್ಡೆ ಗೊತ್ತಾಗುವುದು ಮಗು ಅರ್ಧ ಬಂದು ನಿಂತಾಗ. ಆ ಹೊತ್ತಿನಲ್ಲಿ ಎರಡೇ ದಾರಿ, ಎಳೆಯುವುದು ಅಥವಾ ನಿಲ್ಲಿಸುವುದು. ಎಳೆಯಬಾರದು. ತಾಯಿಯ ಹೊಟ್ಟೆಯನ್ನು ಮೇಲಿಂದ ಒತ್ತಬಾರದು, ನಮ್ಮ ಕಡೆ ಇದು ಎಷ್ಟೋ ಕಡೆ ಅಭ್ಯಾಸವಾಗಿದೆ. ನೋವು ಬರಿಸುವ ಡ್ರಿಪ್ ನಿಲ್ಲಿಸಿ, ಹಿರಿಯ ಡಾಕ್ಟರನ್ನು, ಅರಿವಳಿಕೆಯವರನ್ನು, ಮಕ್ಕಳ ಡಾಕ್ಟರನ್ನು ಕರೆಸಿ, ಏನು ಸಿಕ್ಕಿಕೊಂಡಿದೆ ಅಂತ ಕೈಯಿಂದ, ಸ್ಕ್ಯಾನಿಂಗ್‌ನಿಂದ ನೋಡಬೇಕು. ನೀರಿನ ಗಡ್ಡೆಯಾದರೆ ಸೂಜಿ ಹಾಕಿ ನೀರು ತೆಗೆದರೆ ಮಗು ಬರಬಹುದು. ಗಟ್ಟಿಯಾದರೆ ತಡಮಾಡದೆ ಹೊಟ್ಟೆ ತೆರೆದು ಮೇಲಿನಿಂದ ಬಿಡಿಸಬೇಕು. ಇದೆಲ್ಲ ಡಾಕ್ಟರುಗಳ ಕೆಲಸ. ಮನೆಯವರು ಮಾಡಬಹುದಾದದ್ದು ಮೊದಲೇ ಸ್ಕ್ಯಾನಿಂಗ್ ಮಾಡಿಸುವುದು. ಗಡ್ಡೆ ಇದೆ ಅಂತ ಗೊತ್ತಿದ್ದೂ ಮನೆಯಲ್ಲಿ ನೋವು ಶುರುವಾದರೆ 108ಕ್ಕೆ ಫೋನ್ ಮಾಡುವಾಗಲೇ ಆ ಮಾತು ಹೇಳಿ. ತಾಯಿ ಕಾರ್ಡ್ ಜೊತೆ ಸ್ಕ್ಯಾನಿಂಗ್ ರಿಪೋರ್ಟ್ ಪಿನ್ ಮಾಡಿ ಇಟ್ಟಿರಿ.

ಖರ್ಚಿನ ಮಾತು ಚಿಕ್ಕದಾಗಿ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ. ಕಾಯಿಲೆಯ ಮಗುವಿಗೆ ಒಂದು ವರ್ಷದವರೆಗೂ. ಖಾಸಗಿಗೆ ಹೋಗುವುದಾದರೆ ಆಯುಷ್ಮಾನ್ ಕಾರ್ಡ್ ನಡೆಯುತ್ತಾ, ಯಾವ ರೆಫರಲ್ ಬೇಕು ಅಂತ ಸೇರುವ ಮೊದಲೇ ಕೇಳಿ, ಸೇರಿದ ಮೇಲೆ ಅಲ್ಲ.

ಹುಟ್ಟಿದ ಮೇಲೆ

ನನ್ನ ತಂಗಿಗೆ 36 ವಾರ ತುಂಬಿ ಮೂರು ದಿನಕ್ಕೆ ಸಿಸೇರಿಯನ್ ಆಯಿತು. ಗಡ್ಡೆ 8 ಸೆಂಟಿಮೀಟರ್. ಅಡ್ಡ ಕೊಯ್ತದಲ್ಲೇ ಆಯಿತು. ಮಗುವನ್ನು ಬೆನ್ನಿನ ಮೇಲೆ ಮಲಗಿಸಲಿಲ್ಲ, ಹೊಟ್ಟೆಯ ಮೇಲೆ ಮಲಗಿಸಿ ಗಡ್ಡೆಗೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಒಳಗೆ ಒಯ್ದರು. ರಕ್ತ ಮೊದಲೇ ಹೊಂದಿಸಿ ಇಟ್ಟಿದ್ದರು. ಮೂರನೇ ದಿನ ಆಪರೇಷನ್.

ಆಪರೇಷನ್‌ಗೆ ಮೊದಲು ಒಂದು ಪ್ರಶ್ನೆ ಮರೆಯದೆ ಕೇಳಿ. ಬಾಲಮೂಳೆಯನ್ನೂ ತೆಗೆಯುತ್ತೀರಾ? ಅದನ್ನು ಬಿಟ್ಟರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ಗಡ್ಡೆ ಮತ್ತೆ ಬರುತ್ತದೆ ಅಂತ 1950ರ ದಶಕದಿಂದಲೂ ಗೊತ್ತಿರುವ ವಿಷಯ. ಮತ್ತೆ, ತಡಮಾಡಬೇಡಿ. ಮಗು ಚೆನ್ನಾಗಿದೆ, ಆರು ತಿಂಗಳು ಆಗಲಿ, ಬಾಣಂತನ ಮುಗಿಯಲಿ ಅನ್ನುವವರು ಸಿಗುತ್ತಾರೆ. ಹುಟ್ಟುವಾಗ ಕ್ಯಾನ್ಸರ್ ಅಲ್ಲದ ಗಡ್ಡೆ ಎರಡು ತಿಂಗಳು ದಾಟಿದ ಮೇಲೆ ಕ್ಯಾನ್ಸರ್ ಆಗುವ ಸಾಧ್ಯತೆ ತುಂಬ ಏರುತ್ತದೆ.

ಆಮೇಲೆ ಗಡ್ಡೆ ಮತ್ತೆ ಬಂತಾ ಅಂತ ತಿಳಿಯಲು ಮೂರು ವರ್ಷದವರೆಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಎಎಫ್‌ಪಿ ಎಂಬ ರಕ್ತಪರೀಕ್ಷೆ, ಸರ್ಜನ್ ಕೈಯಿಂದ ಮುಟ್ಟಿ ನೋಡುವುದು. ಎಳೆ ಮಕ್ಕಳಲ್ಲಿ ಎಎಫ್‌ಪಿ ಸಹಜವಾಗಿಯೇ ಜಾಸ್ತಿ ಇರುತ್ತದೆ, ಸುಮಾರು ಎಂಟು ತಿಂಗಳ ಹೊತ್ತಿಗೆ ಇಳಿಯುತ್ತದೆ. ಮೊದಲ ರಿಪೋರ್ಟಿನ ದೊಡ್ಡ ಸಂಖ್ಯೆ ನೋಡಿ ನಾವು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಸಂಖ್ಯೆ ಇಳಿಯುತ್ತಾ ಬರುತ್ತಿದೆಯಾ ಅನ್ನುವುದು ಮುಖ್ಯ. ಮಲಬದ್ಧತೆ, ಮೂತ್ರ ಸೋರುವುದು ಕೆಲವು ಮಕ್ಕಳಿಗೆ ಉಳಿಯಬಹುದು. ಅದನ್ನು ನಾಚಿಕೆ ಪಟ್ಟುಕೊಳ್ಳದೆ ಪ್ರತಿ ಸಲ ಹೇಳಿ.

ನಮ್ಮ ಹುಡುಗಿಗೆ ಈಗ ಎರಡೂಕಾಲು ವರ್ಷ. ಮಲಬದ್ಧತೆ ಸ್ವಲ್ಪ ಇದೆ, ಅಜ್ಜಿ ಕೊಡುವ ಬಾಳೆಹಣ್ಣು ಮತ್ತು ಡಾಕ್ಟರ್ ಕೊಟ್ಟ ಸಿರಪ್ ಎರಡೂ ನಡೆಯುತ್ತಿದೆ. ಇನ್ನು ಮೂರು ರಕ್ತಪರೀಕ್ಷೆ ಬಾಕಿ. ಮುಂದಿನದು ಬರುವ ತಿಂಗಳು.